ಗೋಡೆಯೊಳಗಿನ ವೈರಿನಲ್ಲೇ ಇಂಟರ್ನೆಟ್

ಅಹಮದಾಬಾದಿನ ಹಳೆಯ ಊರು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಓಣಿಗಳಿಗೆ ಪೋಳ್ ಎನ್ನುತ್ತಾರೆ. ಪೋಳಿನ ಮನೆಗಳ ಮುಖ ಕಿರಿದು, ಒಳಗೆ ಬಲು ಉದ್ದ. ದಪ್ಪ ಇಟ್ಟಿಗೆ ಗೋಡೆ, ಮರದ ತೊಲೆ, ನಡುವೆ ಚೌಕ. ಬೀದಿಬಾಗಿಲ ಬಳಿ ಇಟ್ಟ ರೂಟರಿನ ವೈ-ಫೈ ಹಿಂದಿನ ಕೋಣೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಸೂರತ್, ವಡೋದರದ ಹೊಸ ಫ್ಲ್ಯಾಟುಗಳಲ್ಲಿ ಅದನ್ನು ತಡೆಯುವುದು ಕಾಂಕ್ರೀಟು ಮತ್ತು ಅದರೊಳಗಿನ ಕಬ್ಬಿಣದ ಸರಳು. ಆದರೆ ಗೋಡೆ ದಾಟಿ ಎಲ್ಲ ಕೋಣೆಗೂ ಹೋಗುವ ದಾರಿಯೊಂದು ಈ ಮನೆಗಳಲ್ಲೆಲ್ಲ ಆಗಲೇ ಇದೆ: ಕರೆಂಟಿನ ವೈರು.

ಪವರ್‌ಲೈನ್ ಅಡಾಪ್ಟರ್ ಜೋಡಿಯಾಗಿ ಬರುತ್ತದೆ. ಒಂದನ್ನು ಕೇಬಲ್ಲಿನಿಂದ ರೂಟರಿಗೆ ಜೋಡಿಸಿ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ಒಳಕೋಣೆಯ ಪ್ಲಗ್ಗಿಗೆ ಹಾಕಿದರಾಯಿತು. ಮನೆಯ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ. ಅಡಾಪ್ಟರ್ ಅದೇ ವೈರಿನಲ್ಲಿ ಸುಮಾರು 2ರಿಂದ 28 ಮೆಗಾಹರ್ಟ್ಸ್‌ನ ಕ್ಷೀಣ ಸಂಕೇತವನ್ನು ಹರಿಸುತ್ತದೆ. ಎರಡರ ನಡುವೆ ಅಷ್ಟೊಂದು ಅಂತರ ಇರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಸುಲಭ.

ಉಪಾಯ ಹೊಸದಲ್ಲ. ವಿದ್ಯುತ್ ಕಂಪನಿಗಳು ಹೈಟೆನ್ಶನ್ ಲೈನಿನಲ್ಲೇ ಫೋನ್ ಮಾತು, ರಕ್ಷಣಾ ಸಂಕೇತ ಕಳಿಸುತ್ತ ಬಂದು ದಶಕಗಳಾದವು. ದೊಡ್ಡ ಸಬ್‌ಸ್ಟೇಷನ್‌ಗಳಲ್ಲಿ ಲೈನು ಒಳಬರುವ ಕಡೆ ತೂಗುಹಾಕಿರುವ ಸಿಲಿಂಡರ್ ಆಕಾರದ ಸುರುಳಿಯನ್ನು ಗಮನಿಸಿ. ವೇವ್ ಟ್ರ್ಯಾಪ್ ಎಂಬ ಆ ಸುರುಳಿ 50 ಹರ್ಟ್ಸ್ ವಿದ್ಯುತ್ತನ್ನು ಒಳಗೆ ಬಿಟ್ಟು, ಸಂಕೇತವನ್ನು ಹೊರಗೇ ತಡೆದು ಬೇಕಾದ ಉಪಕರಣದತ್ತ ತಿರುಗಿಸುತ್ತದೆ.

ಮನೆಯ ವೈರಿಂಗಿಗೆ ಅಂಥ ಕಾವಲಿಲ್ಲ. ಸ್ವಿಚ್ಚು ಒತ್ತಿದಾಗ, ಮಿಕ್ಸಿ ತಿರುಗಿದಾಗ, ಚಾರ್ಜರ್ ಚುಚ್ಚಿದಾಗ ವೈರಿನಲ್ಲಿ ಗದ್ದಲ ಏಳುತ್ತದೆ. ಅಡಾಪ್ಟರಿನ ನಿಜವಾದ ಜಾಣತನ ಇರುವುದು ಇಲ್ಲಿಯೇ. 2005ರ ಹೋಮ್‌ಪ್ಲಗ್ ಎವಿ ಮಾನದಂಡದಲ್ಲಿ ಆವರ್ತನ ಪಟ್ಟಿಯನ್ನು 1155 ಸಣ್ಣ ವಾಹಕಗಳಾಗಿ ಹೋಳು ಮಾಡಲಾಗಿದೆ. ಅಡಾಪ್ಟರುಗಳು ಒಂದೊಂದು ವಾಹಕವೂ ಹೇಗೆ ಕೇಳಿಸುತ್ತಿದೆ ಎಂದು ಆಗಾಗ ಪರೀಕ್ಷಿಸುತ್ತವೆ. ಸ್ವಚ್ಛವಾಗಿದ್ದರೆ ಅದರ ಮೇಲೆ ಹೆಚ್ಚು ಮಾಹಿತಿ, ಗದ್ದಲವಿದ್ದರೆ ಕಡಿಮೆ, ತೀರಾ ಕೆಟ್ಟಿದ್ದರೆ ಏನೂ ಇಲ್ಲ. ವಿದ್ಯುತ್ತಿನ ಏರಿಳಿತದ ಜೊತೆಗೇ ಗದ್ದಲವೂ ಹೆಚ್ಚು ಕಡಿಮೆ ಆಗುವುದರಿಂದ ಒಂದೇ ಆವರ್ತದ ಬೇರೆ ಬೇರೆ ಭಾಗಕ್ಕೆ ಬೇರೆ ಲೆಕ್ಕ ಇಟ್ಟುಕೊಳ್ಳುತ್ತವೆ. ವೈರಿನ ದೋಷ ತಿದ್ದುವ ಗೋಜಿಗೇ ಹೋಗದೆ ಅದರೊಂದಿಗೆ ಹೊಂದಿಕೊಳ್ಳುವ ಈ ವಿಧಾನ ನನಗೆ ಬಹಳ ಮೆಚ್ಚುಗೆ. ಆದರೂ ಡಬ್ಬದ ಮೇಲೆ ಬರೆದ 200 ಮೆಗಾಬಿಟ್ ವೇಗವನ್ನು ನಂಬಿ ಕೊಳ್ಳಬೇಡಿ. ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ.

ವೈರಿಗೆ ಕವಚವಿಲ್ಲವಾದ್ದರಿಂದ ಅದು ಆಂಟೆನಾದಂತೆಯೂ ವರ್ತಿಸುತ್ತದೆ, ಸಂಕೇತ ಶಾರ್ಟ್‌ವೇವ್‌ನಲ್ಲಿ ಸೋರುತ್ತದೆ. ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, ಪಟ್ಟಿಗಳೂ ಅಲ್ಲೇ ಇವೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಟೆಲಿಫೋನು ಕೆಟ್ಟುನಿಂತಾಗ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ಹ್ಯಾಮ್‌ಗಳಿಗೆ ಅಡ್ಡಿಯಾಗದಿರಲೆಂದು 7, 14 ಮೆಗಾಹರ್ಟ್ಸ್ ಮುಂತಾದ ಅವರ ಪಟ್ಟಿಗಳಲ್ಲಿ ಅಡಾಪ್ಟರ್ ತನ್ನ ಸಂಕೇತವನ್ನು ತೀರಾ ತಗ್ಗಿಸಬೇಕೆಂದು ಮಾನದಂಡವೇ ಹೇಳುತ್ತದೆ. ಗುಜರಾತಿನಲ್ಲಿ ಇದರ ಬೆಲೆಯನ್ನು ಯಾರಿಗೂ ವಿವರಿಸಬೇಕಿಲ್ಲ.

ಸೋರಿಕೆ ಪಕ್ಕದ ಫ್ಲ್ಯಾಟಿನ ವೈರಿಗೂ ಆಗಬಹುದು. ಮಾಹಿತಿ ಗೂಢಲಿಪಿಯಲ್ಲೇ ಹೋಗುತ್ತದೆ ನಿಜ. ಆದರೆ ಕಾರ್ಖಾನೆಯಿಂದ ಬರುವಾಗ ಕೀಲಿ ಎಲ್ಲರಿಗೂ ಒಂದೇ ಇರಬಹುದು. ಪೇರ್ ಬಟನ್ ಒತ್ತಿ ನಿಮ್ಮದೇ ಕೀಲಿ ಮಾಡಿಕೊಳ್ಳಿ.

ಅಡಾಪ್ಟರನ್ನು ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಸರ್ಜ್ ರಕ್ಷಣೆಯ ಎಕ್ಸ್‌ಟೆನ್ಶನ್ ಬೋರ್ಡು, ಯುಪಿಎಸ್ ಸಂಕೇತವನ್ನು ನುಂಗುತ್ತವೆ. ತ್ರೀ-ಫೇಸ್ ಸಂಪರ್ಕದ ಮನೆಯಾದರೆ ಎರಡು ಪ್ಲಗ್ಗುಗಳೂ ಒಂದೇ ಫೇಸಿನಲ್ಲಿವೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಬೇರೆ ಫೇಸಾದರೆ ವೇಗ ಕುಸಿಯುತ್ತದೆ, ಕೆಲವೊಮ್ಮೆ ಸಂಪರ್ಕವೇ ಸಿಗದು. ಅಹಮದಾಬಾದಿನಲ್ಲಿ 2016ರ ಮೇ 20ರಂದು ತಾಪಮಾನ 48 ಡಿಗ್ರಿ ಮುಟ್ಟಿತ್ತು. ಅಂಥ ಊರಿನಲ್ಲಿ ಜನವರಿಯಲ್ಲಿ ಅಳೆದ ವೇಗ ಬೇಸಿಗೆಗೆ ಲೆಕ್ಕಕ್ಕಿಲ್ಲ; ಮನೆಯ ಏಸಿಗಳೆಲ್ಲ ಓಡುತ್ತಿರುವಾಗ ಅಳೆದು ನೋಡಿ.