ಹತ್ತು ಸಾವಿರ ಜನ ಕಟ್ಟಿದ ಚೀಟಿ: ತಪ್ಪದೆ ಗೆಲ್ಲುವವರು ಯಾರು?

“ಏನ್ ಸ್ವಾಮಿ, ಅಮೆರಿಕದಲ್ಲಿ ಒಬ್ಬ ಇಸ್ಪೀಟಾಡಿ ನೂರು ಕೋಟಿ ಹೊಡೆದ್ನಂತೆ! ನಾವಿಲ್ಲಿ ಮೂವತ್ತು ವರ್ಷದಿಂದ ತಕ್ಕಡಿ ಹಿಡ್ಕೊಂಡು ಕೂತಿದ್ದೀವಿ.”

ಬಸ್ ನಿಲ್ದಾಣದ ಎದುರಿನ ದಿನಸಿ ಅಂಗಡಿ ಯಜಮಾನರು ಮೊನ್ನೆ ಸಂಜೆ ಹೀಗೆಂದು ನಕ್ಕರು. ನಗುವಿನೊಳಗೆ ಸ್ವಲ್ಪ ಗಾಬರಿಯೂ ಇತ್ತು. ಕಾರಣ, ಪಕ್ಕದಲ್ಲೇ ನಿಂತಿದ್ದ ಅವರ ಸೋದರಳಿಯ. ಅವನ ಮೊಬೈಲಿನಲ್ಲಿ ಒಂದು ಫೋಟೋ. ನೋಟಿನ ಕಂತೆಗಳ ಗುಡ್ಡೆ, ಅದರ ಹಿಂದೆ ಹಲ್ಲು ಬಿಟ್ಟು ನಿಂತ ಒಬ್ಬ ಮನುಷ್ಯ. ಅಳಿಯನ ಬೇಡಿಕೆ ಚಿಕ್ಕದು. “ಗೋವಾದಲ್ಲೂ ಇದೇ ಆಟ ಇದೆ ಮಾವ. ಐವತ್ತು ಸಾವಿರ ಕೊಡಿ, ಒಂದು ಕೈ ನೋಡಿ ಬರ್ತೀನಿ.”

ಕೊಡಬೇಕೋ, ಬೇಡವೋ? ಅಂಗಡಿ ಮುಂದೆ ಪಂಚಾಯ್ತಿ ಸೇರಿತು. ಪೇಪರಿನವರು ಅಂತ ನಮ್ಮನ್ನೂ ಎಳೆದರು. ಅಷ್ಟರಲ್ಲಿ ಬಸ್ಸು ಬಂತು, ಮಾತು ಅರ್ಧಕ್ಕೆ ನಿಂತಿತು. ಉಳಿದರ್ಧ ಇಲ್ಲಿದೆ.

ಲೆಕ್ಕದ ಪುಸ್ತಕ ತೆಗೀರಿ

ಸುದ್ದಿ ಸುಳ್ಳಲ್ಲ. ಅಮೆರಿಕದ ಲಾಸ್ ವೇಗಸ್ ಪಟ್ಟಣದಲ್ಲಿ ಪ್ರತಿ ವರ್ಷ ಬೇಸಿಗೆಯಲ್ಲಿ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಎಂಬ ಇಸ್ಪೀಟು ಜಾತ್ರೆ ನಡೆಯುತ್ತದೆ. ಒಂದಲ್ಲ, ಹತ್ತಾರು ಪಂದ್ಯಗಳು. 2023ರಲ್ಲಿ 95 ಪಂದ್ಯ ಆಡಿಸಿದರು. ಒಂದೊಂದಕ್ಕೆ ಒಂದೊಂದು ರೇಟು. ಎಲ್ಲಕ್ಕೂ ದೊಡ್ಡ ಹೆಸರು ‘ಮೇನ್ ಈವೆಂಟ್’ ಎಂಬ ಪಂದ್ಯದ್ದು. ಪ್ರವೇಶಕ್ಕೆ 10,000 ಡಾಲರ್ ಕಟ್ಟಬೇಕು. ಆಗಿನ ಲೆಕ್ಕಕ್ಕೆ ನಮ್ಮ ಸುಮಾರು 8 ಲಕ್ಷ 20 ಸಾವಿರ ರೂಪಾಯಿ. ಸೋತರೆ ಮತ್ತೆ ಕಟ್ಟಿ ಒಳಗೆ ಬರುವ ಹಾಗಿಲ್ಲ. ಬಿಲ್ಲೆ ಮುಗಿಯಿತೋ, ಎದ್ದು ಹೊರಗೆ ನಡಿ!

2023ರಲ್ಲಿ ಹೀಗೆ ಕಟ್ಟಿ ಕೂತವರು 10,043 ಜನ. ಎರಡು ವಾರ ಆಡಿ ಕೊನೆಗೆ ಉಳಿದವನು ಅಟ್ಲಾಂಟಾದ ಡೇನಿಯಲ್ ವೈನ್‌ಮನ್, ಸಾಫ್ಟ್‌ವೇರ್ ಎಂಜಿನಿಯರ್. ಸಿಕ್ಕಿದ್ದು 1 ಕೋಟಿ 21 ಲಕ್ಷ ಡಾಲರ್. ಅಂದರೆ ಹತ್ತಿರ ಹತ್ತಿರ ನೂರು ಕೋಟಿ ರೂಪಾಯಿ. ಅಳಿಯನ ಮೊಬೈಲಿನ ಫೋಟೋ ಇವನದೇ.

ಈಗ ವ್ಯಾಪಾರಸ್ಥರು ಕೇಳಬೇಕಾದ ಪ್ರಶ್ನೆ: ಆ ದುಡ್ಡು ಎಲ್ಲಿಂದ ಬಂತು? ಸರ್ಕಾರ ಕೊಡಲಿಲ್ಲ. ಕಂಪನಿ ತನ್ನ ಜೇಬಿನಿಂದ ಹಾಕಲಿಲ್ಲ. ಅಷ್ಟೂ ಆಟಗಾರರೇ ಕಟ್ಟಿದ ದುಡ್ಡು. ಹತ್ತು ಸಾವಿರ ಜನ ಸೇರಿ ಕಟ್ಟಿದ ಒಂದು ದೊಡ್ಡ ಚೀಟಿ ಅಂತ ತಿಳ್ಕೊಳ್ಳಿ.

ಪ್ರತಿಯೊಬ್ಬ ಕಟ್ಟಿದ 10,000 ಡಾಲರಿನಲ್ಲಿ ಬಹುಮಾನದ ಗಂಟಿಗೆ ಹೋದದ್ದು 9,300. ಉಳಿದ 700 ಡಾಲರು ಆಟ ನಡೆಸುವವರಿಗೆ ಮತ್ತು ಎಲೆ ಹಂಚುವ ಸಿಬ್ಬಂದಿಗೆ ಅಂತ ಮೊದಲೇ ಕಡಿತ. ನೂರಕ್ಕೆ ಏಳು. ಹತ್ತು ಸಾವಿರ ಚಿಲ್ಲರೆ ಜನರಿಂದ ಹೀಗೆ ಸೇರಿದ್ದು 70 ಲಕ್ಷ ಡಾಲರ್ ಮೀರಿತು. ನಮ್ಮ ಲೆಕ್ಕದಲ್ಲಿ 57 ಕೋಟಿಗೂ ಮೇಲೆ. ಒಂದು ಎಲೆ ಹಂಚುವ ಮೊದಲೇ!

ತಮಾಷೆ ಏನೆಂದರೆ, ನಮ್ಮಲ್ಲೂ ನೋಂದಾಯಿತ ಚೀಟಿ ನಡೆಸುವವರು ನೂರಕ್ಕೆ ಏಳರವರೆಗೆ ಕಮಿಷನ್ ಹಿಡಿಯಬಹುದು. 2019ರ ತಿದ್ದುಪಡಿಯಲ್ಲಿ ಕೇಂದ್ರ ಸರ್ಕಾರ ಐದರಿಂದ ಏಳಕ್ಕೆ ಏರಿಸಿತು. ಆದರೆ ನಮ್ಮ ಚೀಟಿಯಲ್ಲಿ ಒಂದು ನೆಮ್ಮದಿ ಇದೆ. ಮೊದಲು ಕೂಗಿದವನಿಗೆ ಕಡಿಮೆ, ಕೊನೆಯವನಿಗೆ ಹೆಚ್ಚು, ಅಂತೂ ಪ್ರತಿಯೊಬ್ಬ ಸದಸ್ಯನಿಗೂ ಒಂದು ದಿನ ಚೀಟಿ ಬರುತ್ತದೆ. ವೇಗಸ್ ಚೀಟಿಯಲ್ಲಿ 10,043 ಜನರ ಪೈಕಿ ಏನಾದರೂ ಸಿಕ್ಕಿದ್ದು 1,507 ಜನಕ್ಕೆ. ಉಳಿದ 8,536 ಜನಕ್ಕೆ ಕೈಗೆ ಬಂದದ್ದು ಸೊನ್ನೆ. ಸಿಕ್ಕಿದವರಲ್ಲೂ ಕಟ್ಟಕಡೆಯವರಿಗೆ 15,000 ಡಾಲರ್. ಕಟ್ಟಿದ ಹತ್ತು ಸಾವಿರ ಕಳೆದರೆ ಉಳಿದದ್ದು ಐದು. ಅದರಲ್ಲಿ ವಿಮಾನದ ಚಾರ್ಜು, ಲಾಡ್ಜಿನ ಬಾಡಿಗೆ, ಊಟ ಕಳೀರಿ.

ಆಟ ಅಷ್ಟು ಸುಲಭವೇ?

ಆಟದ ಕ್ರಮ ಅರ್ಧ ಗಂಟೆಯಲ್ಲಿ ಕಲಿಯಬಹುದು. ಪ್ರತಿಯೊಬ್ಬನಿಗೆ ಎರಡೆರಡು ಎಲೆ ಮುಚ್ಚಿ ಕೊಡ್ತಾರೆ. ಮೇಜಿನ ನಡುವೆ ಐದು ಎಲೆ ಬಿಚ್ಚಿಡ್ತಾರೆ, ಅವು ಎಲ್ಲರಿಗೂ ಸೇರಿದ್ದು. ಏಳರಲ್ಲಿ ಒಳ್ಳೆಯ ಐದು ಯಾರದೋ ಅವನೇ ಗೆದ್ದ. ನಡುನಡುವೆ ನಾಲ್ಕು ಸಲ ಪಣ ಒಡ್ಡುವ ಅವಕಾಶ. ಎದುರಾಳಿ ಹೆದರಿ ಎಲೆ ಕೆಳಗಿಟ್ಟರೆ, ಕೈಯಲ್ಲಿ ಏನೂ ಇಲ್ಲದವನೂ ಗೆಲ್ಲಬಹುದು. ನಮ್ಮ ಮೂರೆಲೆ ಆಟದ ಧಿಮಾಕೇ ಇಲ್ಲೂ ಉಂಟು.

ಆದರೆ ಸುಮ್ಮನೆ ಕೂತು ಒಳ್ಳೇ ಎಲೆಗೆ ಕಾಯುವ ಹಾಗಿಲ್ಲ. ಕಡ್ಡಾಯದ ಪಣ ಎರಡು ಗಂಟೆಗೊಮ್ಮೆ ಏರುತ್ತಲೇ ಇರುತ್ತದೆ. ಅಂಗಡಿ ಬಾಡಿಗೆ ಎರಡು ಗಂಟೆಗೊಮ್ಮೆ ಏರಿದರೆ ಹೇಗಿರುತ್ತೆ, ಹಾಗೆ. ಗಿರಾಕಿ ಬರಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ಎಷ್ಟೇ ಜಾಣನಾದರೂ ಕೊನೆಗೆ ಇದ್ದದ್ದೆಲ್ಲ ಮುಂದೆ ತಳ್ಳಿ ಒಂದು ಎಲೆಗೆ ಕಾಯಬೇಕು.

ಜಾಣ್ಮೆ ಇಲ್ಲ ಅಂತಲ್ಲ. ಸಾವಿರ ಸಲ ಆಡಿದರೆ ಜಾಣನ ಕೈ ಮೇಲಾಗುತ್ತೆ. ಆದರೆ ಈ ಪಂದ್ಯ ವರ್ಷಕ್ಕೆ ಒಂದೇ ಸಲ. ಹಿಂದೆ ಆಡುವವರು ಕಡಿಮೆ ಇದ್ದಾಗ ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ, ಜಾನಿ ಚಾನ್ 1987 ಮತ್ತು 1988ರಲ್ಲಿ ಸಾಲಾಗಿ ಎರಡೆರಡು ಸಲ ಗೆದ್ದರು. ಜನಸಂದಣಿ ಏರಿದ ಮೇಲೆ? 2003ರಿಂದ 2025ರವರೆಗೆ ಪ್ರತಿ ವರ್ಷ ಹೊಸ ಮುಖ. ಒಬ್ಬನೂ ಎರಡನೇ ಸಲ ಗೆಲ್ಲಲಿಲ್ಲ.

ಲಾಳದಂಗಡಿಯ ಯಜಮಾನ

ಈ ಜಾತ್ರೆ ಶುರು ಮಾಡಿದವನು ಬೆನ್ನಿ ಬಿನಿಯನ್. ಟೆಕ್ಸಾಸ್‌ನಿಂದ ಬಂದ ಹಳೇ ಜೂಜುಕೋರ, ತೆರಿಗೆ ತಪ್ಪಿಸಿ ಜೈಲು ಕಂಡವನು. 1951ರಲ್ಲಿ ವೇಗಸ್‌ನಲ್ಲಿ ‘ಹಾರ್ಸ್‌ಶೂ’, ಅಂದರೆ ಕುದುರೆ ಲಾಳ, ಎಂಬ ಜೂಜಿನ ಮನೆ ತೆರೆದ. ವ್ಯಾಪಾರ ಗೊತ್ತಿದ್ದ ಆಸಾಮಿ. ಹತ್ತು ಸಾವಿರ ಡಾಲರಿನ ನೂರು ನೋಟು, ಒಟ್ಟು ಹತ್ತು ಲಕ್ಷ ಡಾಲರು, ಗಾಜಿನೊಳಗೆ ಜೋಡಿಸಿ ಇಟ್ಟ. ಬಂದವರು ಅದರ ಮುಂದೆ ನಿಂತು ಪುಕ್ಕಟೆ ಫೋಟೋ ತೆಗೆಸಿಕೊಳ್ಳಬಹುದು! ಊರೂರಿಗೆ ಜನ ಆ ಫೋಟೋ ಒಯ್ದರು. ಜಾಹೀರಾತಿನ ಖರ್ಚು ಉಳಿಯಿತು.

1970ರಲ್ಲಿ ಬೆರಳೆಣಿಕೆಯ ಆಟಗಾರರನ್ನು ಕರೆದು ಆಡಿಸಿದ. ಗೆದ್ದವರು ಯಾರು ಅಂತ ವೋಟು ಹಾಕಿ, ಜಾನಿ ಮಾಸ್ ಎಂಬ ಹಿರಿಯನಿಗೆ ಬೆಳ್ಳಿ ಕಪ್ಪು ಕೊಟ್ಟರು. ಮರುವರ್ಷದಿಂದ ಕೊನೆಗೆ ಉಳಿದವನೇ ಗೆದ್ದವನು ಎಂಬ ಪದ್ಧತಿ ಬಂತು. 1972ರಲ್ಲಿ ಪ್ರವೇಶ 10,000 ಡಾಲರ್ ಆಯಿತು, ಕೂತವರು ಎಂಟೇ ಜನ.

ಅಂದಿನಿಂದ ಆ ರೇಟು ಒಂದು ಪೈಸೆ ಏರಿಲ್ಲ. ಐವತ್ತು ವರ್ಷ ಮೀರಿ ಬೆಲೆ ಏರಿಸದ ಅಂಗಡಿ ನೋಡಿದ್ದೀರಾ? ಅಂದಿನ ಹತ್ತು ಸಾವಿರ ಇಂದಿನ ಎಪ್ಪತ್ತು ಸಾವಿರ ಡಾಲರಿಗೂ ಹೆಚ್ಚು. ಅಂದು ದೊಡ್ಡ ಕುಳಗಳು ಮಾತ್ರ ಕೂರುತ್ತಿದ್ದ ಮೇಜಿಗೆ ಇಂದು ಗುಮಾಸ್ತನೂ ಸಾಲ ಸೋಲ ಮಾಡಿ ಬರಬಹುದು. ಬರಲಿ ಎಂದೇ ಏರಿಸಿಲ್ಲ ಅಂತ ನಮ್ಮ ಅನುಮಾನ. ಎಂಟು ಜನರ ನೂರಕ್ಕೆ ಏಳಕ್ಕಿಂತ ಹತ್ತು ಸಾವಿರ ಜನರ ನೂರಕ್ಕೆ ಏಳು ದೊಡ್ಡದಲ್ಲವೇ?

ಲೆಕ್ಕ ಬರೆಯುವವನ ಅದೃಷ್ಟ

ಜನ ನುಗ್ಗಿದ್ದು 2003ರ ನಂತರ. ಆ ವರ್ಷ ಟೆನ್ನೆಸೀ ರಾಜ್ಯದ ಒಬ್ಬ ಲೆಕ್ಕಿಗ, ವಯಸ್ಸು 27, ನೂರು ಡಾಲರಿಗೂ ಕಡಿಮೆ ಕಟ್ಟಿ ಇಂಟರ್‌ನೆಟ್ಟಿನಲ್ಲಿ ಅರ್ಹತಾ ಪಂದ್ಯ ಆಡಿ ಟಿಕೆಟ್ ಗಿಟ್ಟಿಸಿದ. ವೇಗಸ್‌ಗೆ ಹೋಗಿ 838 ಜನರನ್ನು ದಾಟಿ 25 ಲಕ್ಷ ಡಾಲರ್ ಗೆದ್ದ. ಅವನ ಹೆಸರು ಕ್ರಿಸ್ ಮನಿಮೇಕರ್. ನಿಜವಾಗಿಯೂ ಅದೇ ಮನೆತನದ ಹೆಸರು, ‘ದುಡ್ಡು ಮಾಡುವವನು’ ಅಂತ!

ಟಿವಿಯಲ್ಲಿ ಅದನ್ನು ನೋಡಿದವರೆಲ್ಲ “ನಾನ್ಯಾಕೆ ಆಗಬಾರದು?” ಅಂದರು. ಮರುವರ್ಷ 2,576 ಜನ. 2006ರಲ್ಲಿ 8,773. 2024ರಲ್ಲಿ 10,112, ಅದು ದಾಖಲೆ. ಮನಿಮೇಕರ್ ಗೆದ್ದ ದುಡ್ಡೂ ಪೂರ್ತಿ ಅವನದಲ್ಲ. ತನ್ನ ಆಟದ ಪಾಲನ್ನು ತಂದೆಗೂ ಗೆಳೆಯನಿಗೂ ಮೊದಲೇ ಮಾರಿದ್ದ. ಈ ದಂಧೆಯಲ್ಲಿ ಅದು ಮಾಮೂಲು. ಫೋಟೋದಲ್ಲಿ ಕಾಣುವವನು ಒಬ್ಬ, ಗಂಟಿನಲ್ಲಿ ಕೈಯಿಟ್ಟವರು ನಾಲ್ವರು.

ಜೇಬಿನಲ್ಲಿ ಎಂಟುನೂರು ಡಾಲರ್

ಜಾಣ್ಮೆಯ ಮಾತು ಬಂದರೆ ಸ್ಟೂ ಅಂಗರ್ ಹೆಸರು ಹೇಳದೆ ತೀರದು. ನ್ಯೂಯಾರ್ಕಿನ ಹುಡುಗ. ಜಿನ್ ರಮ್ಮಿಯಲ್ಲಿ ಎಂಥಾ ಪ್ರಚಂಡ ಎಂದರೆ, ಎದುರು ಕೂರಲು ಯಾರೂ ಒಪ್ಪದೆ ಪೋಕರಿಗೆ ಬಂದ. 1980ರಲ್ಲಿ ಬ್ರನ್ಸನ್‌ನನ್ನೇ ಸೋಲಿಸಿ ಮೇನ್ ಈವೆಂಟ್ ಗೆದ್ದ, 1981ರಲ್ಲಿ ಮತ್ತೆ ಗೆದ್ದ. ಗೆದ್ದದ್ದನ್ನು ಕುದುರೆಗೆ, ಕ್ರೀಡೆಗಳ ಬಾಜಿಗೆ, ಕೊಕೇನಿಗೆ ಸುರಿದ.

1997ರಲ್ಲಿ ಪ್ರವೇಶದ ಹಣಕ್ಕೂ ಗತಿಯಿರಲಿಲ್ಲ. ಬಿಲ್ಲಿ ಬ್ಯಾಕ್ಸ್‌ಟರ್ ಎಂಬ ಸಹ ಆಟಗಾರ ಹತ್ತು ಸಾವಿರ ಕಟ್ಟಿದ, ಗೆದ್ದರೆ ಅರ್ಧ ಪಾಲು. ಮಾದಕದಿಂದ ಮೂಗು ಕುಸಿದಿತ್ತು. ನೀಲಿ ಕನ್ನಡಕ ಹಾಕಿ, ಮಗಳ ಫೋಟೋ ಜತೆಗಿಟ್ಟುಕೊಂಡು ಆಡಿದ. ಮೂರನೇ ಸಲ ಗೆದ್ದ! ಹತ್ತು ಲಕ್ಷ ಡಾಲರು. ಅರ್ಧ ಬ್ಯಾಕ್ಸ್‌ಟರ್‌ಗೆ ಹೋಯಿತು, ತನ್ನ ಅರ್ಧ ಕೆಲವೇ ತಿಂಗಳಲ್ಲಿ ಕರಗಿತು.

ಮರುವರ್ಷವೂ ಬ್ಯಾಕ್ಸ್‌ಟರ್ ಹಣ ಕಟ್ಟಲು ಮುಂದಾದ. ಅಂಗರ್ ಕೋಣೆ ಬಿಟ್ಟು ಕೆಳಗೆ ಇಳಿಯಲೇ ಇಲ್ಲ. 1998ರ ನವೆಂಬರಿನಲ್ಲಿ ವೇಗಸ್‌ನ ಅಗ್ಗದ ಲಾಡ್ಜೊಂದರಲ್ಲಿ ಸತ್ತು ಬಿದ್ದಿದ್ದ. ವಯಸ್ಸು 45. ಹತ್ತಿರ ಇದ್ದದ್ದು ಸುಮಾರು 800 ಡಾಲರು. ಗೆಳೆಯರು ವಂತಿಗೆ ಎತ್ತಿ ಮಣ್ಣು ಮಾಡಿದರು.

ಎಲೆ ಗುರುತಿಟ್ಟುಕೊಳ್ಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಅಂತ ಆಡಿದವರೇ ಒಪ್ಪುತ್ತಾರೆ. ಅಷ್ಟು ಜಾಣ್ಮೆಯೂ ಗೆದ್ದ ದುಡ್ಡನ್ನು ಮನೆಗೆ ಮುಟ್ಟಿಸಲಿಲ್ಲ.

ನಮ್ಮಲ್ಲಿ ಕಾನೂನು ಏನನ್ನುತ್ತೆ?

ಜೂಜೋ ಜಾಣ್ಮೆಯೋ ಎಂಬ ಜಗಳ ನಮ್ಮ ಕೋರ್ಟುಗಳಲ್ಲೂ ಹಳತು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಬಹುಪಾಲು ಜಾಣ್ಮೆಯ ಆಟ ಅಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟು, ಪೋಕರನ್ನು ಜಾಣ್ಮೆಯ ಆಟವಾಗಿ ಆಡಿದರೆ ಕ್ಲಬ್ಬಿಗೆ ಲೈಸೆನ್ಸ್ ಬೇಕಿಲ್ಲ ಅಂದಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟ ನಿಲ್ಲಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿ, ಜಾಣ್ಮೆಯೋ ಅದೃಷ್ಟವೋ ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ಮೊಬೈಲಿನ ಬಾಗಿಲು ಮುಚ್ಚಿತು. ಗೋವಾದ ಕ್ಯಾಸಿನೋ ಆನ್‌ಲೈನ್ ಅಲ್ಲವಲ್ಲ, ಹುಡುಗರ ಕಣ್ಣು ಅತ್ತ ಹೊರಳಿದೆ.

ಭಾರತದವರು ಗೆದ್ದೇ ಇಲ್ಲ ಅಂತಲ್ಲ. 2018ರಲ್ಲಿ ನಿಕಿತಾ ಲೂಥರ್ ಜೋಡಿ ಪಂದ್ಯವೊಂದರಲ್ಲಿ ವೇಗಸ್‌ನ ಚಿನ್ನದ ಕೈಗಡಗ ಗೆದ್ದರು. ಗೆದ್ದವರ ಹೆಸರು ಬೆರಳಲ್ಲಿ ಎಣಿಸಬಹುದು. ಸೋತು ಬಂದವರ ಹೆಸರು ಯಾರು ಬರೆದಿಟ್ಟಿದ್ದಾರೆ?

ಕೊನೆಗೆ ಗೆದ್ದವರು

ಬಿನಿಯನ್ ಮನೆತನದ ಕಥೆಯೂ ಕೇಳಿ. ಕೆಲಸಗಾರರ ಆರೋಗ್ಯ, ಪಿಂಚಣಿ ನಿಧಿಗೆ ಬಾಕಿ ಉಳಿಸಿಕೊಂಡು 2004ರಲ್ಲಿ ಅವರ ಲಾಳದಂಗಡಿಗೆ ಬೀಗ ಬಿತ್ತು. ಹ್ಯಾರಾಸ್ ಎಂಬ ದೊಡ್ಡ ಕಂಪನಿ ಜಾತ್ರೆಯ ಹೆಸರನ್ನು ಕೊಂಡಿತು. 2024ರಲ್ಲಿ ಆ ಹೆಸರು ಮತ್ತೆ ಕೈ ಬದಲಾಯಿಸಿತು. ಬೆಲೆ 50 ಕೋಟಿ ಡಾಲರ್! ಯಾವ ಚಾಂಪಿಯನ್ನನೂ ಅಷ್ಟು ಗೆದ್ದಿಲ್ಲ. ಮಾಲೀಕರು ಬಂದರು, ಹೋದರು, ಕಡಿತ ಮಾತ್ರ ನಿಲ್ಲಲಿಲ್ಲ.

ಇಷ್ಟನ್ನೂ ನಿನ್ನೆ ಅಂಗಡಿಗೆ ಹೋಗಿ ಒಪ್ಪಿಸಿದೆವು. ಯಜಮಾನರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಗಲ್ಲಾ ಪೆಟ್ಟಿಗೆಯಿಂದ ಚೀಟಿ ಪುಸ್ತಕ ತೆಗೆದು ಅಳಿಯನ ಮುಂದಿಟ್ಟರು. “ನೋಡಪ್ಪ, ಆ ಐವತ್ತು ಸಾವಿರ ಇದರದ್ದು. ಇನ್ನು ನಾಲ್ಕು ಕಂತು ಕಟ್ಟಿದರೆ ನಿನ್ನ ಹೆಸರಿಗೇ ಪಕ್ಕದ ಮಳಿಗೆ ಹಿಡೀಬೇಕು ಅಂತಿದ್ದೆ. ಈಗ ನೀನೇ ಹೇಳು.”

ಅಳಿಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊಬೈಲು ತೆಗೆದು ಆ ಫೋಟೋ ಮತ್ತೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: “ಮಾವ, ಈ ಫೋಟೋ ತೆಗೆಸಿದ್ದು ಯಾರು?”

ಸರಿಯಾದ ಪ್ರಶ್ನೆ! ಅಷ್ಟರಲ್ಲಿ ಗಿರಾಕಿ ಬಂದರು. ಒಂದು ಕೇಜಿ ಸಕ್ಕರೆ, ಕಾಲು ಕೇಜಿ ಟೀ ಪುಡಿ. ಹುಡುಗ ಮೊಬೈಲು ಜೇಬಿಗೆ ಹಾಕಿ ತಕ್ಕಡಿ ಹಿಡಿದ.