ಟೊಕಮಾಕ್‌ನ ಕಾವಲುಗಣ್ಣು

ಇಂಗ್ಲೆಂಡಿನ ಕಲ್ಹಮ್‌ನಲ್ಲಿ 1983ರಿಂದ 2023ರವರೆಗೆ ಜೆಟ್ ಎಂಬ ಟೊಕಮಾಕ್ ಯಂತ್ರ ದುಡಿಯಿತು. ಡ್ಯುಟೀರಿಯಂ, ಟ್ರಿಟಿಯಂ ಅನಿಲಗಳನ್ನು 10 ಕೋಟಿ ಡಿಗ್ರಿಗೂ ಮೀರಿ ಕಾಯಿಸಿ ಪ್ಲಾಸ್ಮಾ ಮಾಡಿ, ಕಾಂತಬಲದಿಂದ ಹಿಡಿದಿಟ್ಟು, ಅವುಗಳ ನ್ಯೂಕ್ಲಿಯಸ್‌ಗಳನ್ನು ಬೆಸೆಯುವ, ಅಂದರೆ ಸಮ್ಮಿಲನಗೊಳಿಸುವ ಯಂತ್ರ ಅದು. ಪ್ರತಿ ಬೆಸುಗೆಯಲ್ಲೂ ಒಂದು ಹೀಲಿಯಂ ನ್ಯೂಕ್ಲಿಯಸ್ ಮತ್ತು ಒಂದು ನ್ಯೂಟ್ರಾನ್ ಹುಟ್ಟುತ್ತವೆ. 2021ರ ಡಿಸೆಂಬರಿನಲ್ಲಿ ಜೆಟ್ 5 ಸೆಕೆಂಡುಗಳಲ್ಲಿ 59 ಮೆಗಾಜೂಲ್ ಸಮ್ಮಿಲನ ಶಕ್ತಿ ಕೊಟ್ಟಿತು. ಲೆಕ್ಕ ಹಾಕಿದರೆ, 2ರ ಮುಂದೆ 19 ಸೊನ್ನೆ ಇಟ್ಟಷ್ಟು ನ್ಯೂಟ್ರಾನ್‌ಗಳು ಆಗ ಹೊರಬಿದ್ದವು. ಸಮ್ಮಿಲನ ಗೆದ್ದಷ್ಟೂ ನ್ಯೂಟ್ರಾನ್‌ಗಳು ಹೆಚ್ಚುತ್ತವೆ; ಆ ಗೆಲುವನ್ನು ನೋಡಬೇಕಾದ ಕ್ಯಾಮೆರಾಗೆ ಅವೇ ಕುತ್ತು.

ಕ್ಯಾಮೆರಾ ಏಕೆ ಬೇಕು?

ಜೆಟ್‌ನ ಒಳಗೋಡೆಗೆ 2011ರಿಂದ ಬೆರಿಲಿಯಂ ಮತ್ತು ಟಂಗ್‌ಸ್ಟನ್ ಹೊದಿಕೆ ಇತ್ತು. ಬೆರಿಲಿಯಂ ಸುಮಾರು 1,287 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಬಿಡುತ್ತದೆ. ಅದಕ್ಕಾಗಿ ಅವಕೆಂಪು ಬೆಳಕನ್ನು ಗುರುತಿಸುವ ಕ್ಯಾಮೆರಾಗಳು ಗೋಡೆಯನ್ನು ಕಾಯುತ್ತಿದ್ದವು. ಎಲ್ಲಾದರೂ ಕಾವು ಮಿತಿ ಮೀರಿದರೆ ನಿಯಂತ್ರಣ ವ್ಯವಸ್ಥೆ ಪ್ಲಾಸ್ಮಾಕ್ಕೆ ಉಣಿಸುವ ಶಾಖವನ್ನು ತಗ್ಗಿಸುತ್ತಿತ್ತು.

ಒಳಗೆ ಆಗುವ ಹಾನಿ

ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಕಾಂತಬಲಕ್ಕೆ ಅದು ಬಗ್ಗುವುದಿಲ್ಲ. 14 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿಂದ ನುಗ್ಗಿ ಕ್ಯಾಮೆರಾದ ಸೆನ್ಸರಿನಲ್ಲಿರುವ ಸಿಲಿಕಾನ್ ಪರಮಾಣುವಿಗೆ ಬಡಿದರೆ, ಅದನ್ನು ಹರಳಿನ ಸಾಲಿನಿಂದಲೇ ಕಿತ್ತುಹಾಕುತ್ತದೆ. ಕಿತ್ತುಬಂದ ಪರಮಾಣು ಅಕ್ಕಪಕ್ಕದವನ್ನೂ ಕೆಡವುತ್ತದೆ. ಹೀಗೆ ಹರಳು ಕೆಟ್ಟ ಕಡೆ ಬೆಳಕಿಲ್ಲದಿದ್ದರೂ ಎಲೆಕ್ಟ್ರಾನ್‌ಗಳು ಜಿನುಗುತ್ತವೆ. ಸೋರುವ ನಲ್ಲಿಯ ಕೆಳಗಿಟ್ಟ ಬಿಂದಿಗೆಯಂತೆ ಆ ಪಿಕ್ಸೆಲ್ ತಾನಾಗಿ ತುಂಬಿಕೊಂಡು, ಚಿತ್ರದಲ್ಲಿ ಸದಾ ಬೆಳ್ಳಗೆ ಹೊಳೆಯುತ್ತದೆ.

ನ್ಯೂಟ್ರಾನ್‌ಗಳು ಉಕ್ಕಿನಂಥ ಲೋಹಗಳಲ್ಲಿ ಎಬ್ಬಿಸುವ ಗಾಮಾ ಕಿರಣಗಳ ಕೆಲಸ ಬೇರೆ. ಅವು ಸೆನ್ಸರಿನ ತೆಳು ಆಕ್ಸೈಡ್ ಪದರಗಳಲ್ಲಿ ವಿದ್ಯುದಂಶವನ್ನು ಸಿಕ್ಕಿಸುತ್ತವೆ. ಟ್ರಾನ್ಸಿಸ್ಟರ್‌ಗಳು ತಪ್ಪು ವೋಲ್ಟೇಜಿಗೆ ಓಗೊಡತೊಡಗಿ, ಕೊನೆಗೆ ಕ್ಯಾಮೆರಾ ಸುಮ್ಮನಾಗುತ್ತದೆ. ಸಾಧಾರಣ ಗಾಜಿನ ಲೆನ್ಸ್ ಕಂದುಗಟ್ಟುತ್ತದೆ. ಅದಕ್ಕಾಗಿ ಅಲ್ಲಿ ಶುದ್ಧ ಸಿಲಿಕಾ, ನೀಲಮಣಿಯ ಹರಳು ಅಥವಾ ಸೀರಿಯಂ ಬೆರೆಸಿದ ಗಾಜನ್ನು ಬಳಸುತ್ತಾರೆ.

ಸುಳ್ಳು ಚುಕ್ಕೆ, ನಿಜ ಚುಕ್ಕೆ

ಕ್ಯಾಮೆರಾ ಕೆಡುವುದಕ್ಕಿಂತ ಅದು ಸುಳ್ಳು ಹೇಳುವುದು ಹೆಚ್ಚು ಅಪಾಯ. ಕೆಟ್ಟ ಪಿಕ್ಸೆಲ್ಲಿನ ಹೊಳಪನ್ನು ಗೋಡೆಯ ಕಾವೆಂದು ಎಣಿಸಿದರೆ ಪ್ರಯೋಗ ವ್ಯರ್ಥ. ನಿಜವಾದ ಕಾವನ್ನು ಸುಳ್ಳೆಂದು ಬಿಟ್ಟರೆ ಗೋಡೆ ಹಾಳು. ಇವುಗಳನ್ನು ನಡವಳಿಕೆಯಿಂದ ಗುರುತಿಸಬಹುದು. ನ್ಯೂಟ್ರಾನ್ ಅಥವಾ ಗಾಮಾ ಹೊಡೆತದ ಮಿಂಚು ಒಂದು ಫ್ರೇಮಿನಲ್ಲಿ ಕಂಡು ಮುಂದಿನದರಲ್ಲಿ ಇರುವುದಿಲ್ಲ. ಕೆಟ್ಟ ಪಿಕ್ಸೆಲ್ ಕತ್ತಲಲ್ಲೂ ಅದೇ ಜಾಗದಲ್ಲಿ ಹೊಳೆಯುತ್ತದೆ. ಪ್ರಯೋಗಕ್ಕೆ ಮುನ್ನ ಕತ್ತಲ ಚಿತ್ರ ತೆಗೆದು ಅದನ್ನು ಕಳೆಯಬಹುದು. ಗೋಡೆಯ ನಿಜವಾದ ಕಾವು ಹಲವು ಪಿಕ್ಸೆಲ್‌ಗಳಿಗೆ ಹರಡಿ, ಫ್ರೇಮಿನಿಂದ ಫ್ರೇಮಿಗೆ ಬೆಳೆಯುತ್ತದೆ. ಸೆನ್ಸರನ್ನು ತಂಪಾಗಿಟ್ಟರೆ ಜಿನುಗುವಿಕೆ ತಗ್ಗುತ್ತದೆ.

ಬೆಳಕು ತಿರುಗುತ್ತದೆ, ನ್ಯೂಟ್ರಾನ್ ತಿರುಗದು

ಎಲ್ಲಕ್ಕಿಂತ ಗಟ್ಟಿಯಾದ ಉಪಾಯವೆಂದರೆ ಕ್ಯಾಮೆರಾವನ್ನು ನೇರ ದಾರಿಯಿಂದ ಸರಿಸುವುದು. ಬೆಳಕನ್ನು ಕನ್ನಡಿಯಿಂದ ಮೂಲೆ ತಿರುಗಿಸಬಹುದು. ನ್ಯೂಟ್ರಾನ್ ಕನ್ನಡಿಗೆ ಮಣಿಯದೆ ಮುಂದೆ ಹೋಗಿ ಕಾಂಕ್ರೀಟಿನಲ್ಲಿ ಅಡಗುತ್ತದೆ. ಜೆಟ್‌ನ ಟ್ರಿಟಿಯಂ ಪ್ರಯೋಗಗಳಿಗಾಗಿ ಕನ್ನಡಿಗಳ ಸಾಲಿನಿಂದ ಬೆಳಕನ್ನು ದಪ್ಪ ರಕ್ಷಣಾ ಗೋಡೆಯಾಚೆಗೆ ತಂದು, ಅಲ್ಲಿ ಕ್ಯಾಮೆರಾ ಇಟ್ಟರು. ನೀರು, ಪಾಲಿಥಿನ್‌ಗಳಲ್ಲಿರುವ ಹೈಡ್ರೋಜನ್ ನ್ಯೂಟ್ರಾನಿನ ವೇಗ ಕುಗ್ಗಿಸುತ್ತದೆ, ಬೋರಾನ್ ಅದನ್ನು ಹೀರುತ್ತದೆ, ಸೀಸ ಗಾಮಾವನ್ನು ತಡೆಯುತ್ತದೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಎಂಬ ಟೊಕಮಾಕ್‌ನಲ್ಲೂ ಕನ್ನಡಿಗಳದೇ ಉಪಾಯ; ಪ್ಲಾಸ್ಮಾಕ್ಕೆ ಎದುರಾಗುವ ಮೊದಲ ಕನ್ನಡಿಗಳು ಲೋಹದವು. ಅಲ್ಲಿಂದ ಬೆಳಕು ಅಂಕುಡೊಂಕು ದಾರಿಯಲ್ಲಿ ಹೊರಬರುತ್ತದೆ.

ದುರಸ್ತಿ ಮಾಡುವ ರೋಬೋಟಿನ ಕ್ಯಾಮೆರಾಗೆ ಈ ಅನುಕೂಲವಿಲ್ಲ; ಅದು ಒಳಗೇ ಹೋಗಬೇಕು. ಮೈ ಹೀರಿದ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ; ಮೈಯೆಲ್ಲ ತಾಗಿದ 4-5 ಗ್ರೇ ಮನುಷ್ಯನ ಪ್ರಾಣ ತೆಗೆಯಬಲ್ಲದು. ಇಟರ್‌ನ ಇಂಥ ಕೆಲಸಕ್ಕೆ 10 ಲಕ್ಷ ಗ್ರೇ ತಾಳುವ ಕ್ಯಾಮೆರಾಗಳನ್ನು ರೂಪಿಸುತ್ತಿದ್ದಾರೆ.

ನೋಡಲು ಕೊರೆದ ಪ್ರತಿ ಕಿಂಡಿಯೂ ರಕ್ಷಣಾ ಗೋಡೆಯಲ್ಲಿ ಒಂದು ತೂತು. ಹಾಗಾಗಿ ನಾಳಿನ ಸಮ್ಮಿಲನ ವಿದ್ಯುತ್ ಸ್ಥಾವರದಲ್ಲಿ ಎಲ್ಲಿಂದ, ಏನನ್ನು ನೋಡಬೇಕೆಂಬುದನ್ನು ಯಂತ್ರದ ಮೊದಲ ನಕ್ಷೆ ಬರೆಯುವಾಗಲೇ ತೀರ್ಮಾನಿಸಬೇಕಾಗುತ್ತದೆ.