ರೂಟ್ ಕೆನಾಲ್‌ನಲ್ಲಿ ನಿಜವಾಗ್ಲೂ ತೊಳೆಯೋದು ಯಾವುದು?

ನೋವು ಹೋಯ್ತಲ್ಲ, ಆಫೀಸಲ್ಲಿ ರಿಲೀಸ್ ಬೇರೆ ಇದೆ ಅಂತ ನಾನು ರೂಟ್ ಕೆನಾಲ್‌ನ ಎರಡನೇ ಸಿಟ್ಟಿಂಗ್ ತಪ್ಪಿಸಿದ್ದೆ. ಮತ್ತೆ ಒಸಡು ಊದ್ಕೊಳ್ತು. ಯಾಕೆ?

ಬೇರಿನ ನಾಳದ ಗೋಡೆಗೆ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಕೊಂಡು ಅಂಟಿರುತ್ತವೆ. ಇದೇ ಬಯೋಫಿಲ್ಮ್. ಫೈಲ್ ನಾಳವನ್ನು ಅಗಲ ಮಾಡುತ್ತೆ. ಆದರೆ ಗೋಡೆಯ ಮೂರನೇ ಒಂದು ಭಾಗದಷ್ಟನ್ನು ಅದು ಮುಟ್ಟದೇ ಇರಬಹುದು. ಆ ಸಂದಿಗಳಿಗೆ ಇಳಿಯೋದು ದ್ರವ.

ಸಿರಿಂಜಿನಲ್ಲಿ ಹಾಕೋದು ಬರೀ ನೀರಲ್ಲ, ಸೋಡಿಯಂ ಹೈಪೋಕ್ಲೋರೈಟ್. ಮನೆಯ ಬ್ಲೀಚಿನಲ್ಲಿರೋದೂ ಇದೇ. ಬ್ಯಾಕ್ಟೀರಿಯಾ ಕೊಲ್ಲುತ್ತೆ, ಸತ್ತ ಅಂಗಾಂಶವನ್ನೂ ಕರಗಿಸುತ್ತೆ. ಫೈಲ್ ಉಜ್ಜಿದಾಗ ಗೋಡೆಗೆ ಮೆತ್ತಿದ ಪುಡಿ ತೆಗೆಯೋಕೆ ಕೊನೆಯಲ್ಲಿ 17% ಇಡಿಟಿಎ.

ದ್ರವ ಬಾಯಿಗೆ ಸೋರದಿರಲಿ ಅಂತ ರಬ್ಬರ್ ಡ್ಯಾಮ್. ಬೇರಿನ ತುದಿ ದಾಟದಿರಲಿ ಅಂತ ಪಕ್ಕದಲ್ಲಿ ತೂತಿರೋ ಸೂಜಿ.

ನೋವು ನಿಂತರೆ ಬಯೋಫಿಲ್ಮ್ ಹೋಯ್ತು ಅಂತಲ್ಲ. ಸಿಟ್ಟಿಂಗ್ ತಪ್ಪಿಸಬೇಡಿ.